ಎಂಟು ಬಣ್ಣದ ನೂಲು

ಹತ್ತನೆಯ ದಿನ, ಮಲ್ಪೆಯ ದೀಪ ಕಾಣುವ ಮೊದಲೇ
ಗಡ್ಡ ಕೆರೆಯತೊಡಗುತ್ತದೆ.
ಇಂಜಿನಿನ ಮಗ್ಗುಲಲ್ಲಿ ಸುತಳಿಗೆ ಕಟ್ಟಿದ ಕನ್ನಡಿ,
ಒಂದು ಮಗ್ಗು ಸಿಹಿನೀರು, ಸವೆದ ಸಾಬೂನು,
ಒಂದೇ ರೇಜರು.
ಮೊದಲು ತಾಂಡೇಲ, ಆಮೇಲೆ ವಯಸ್ಸಿನ ಲೆಕ್ಕ,
ಕೊನೆಗೆ ಒಡಿಶಾದ ಹುಡುಗ ಪದ್ಮಲೋಚನ.
ಅವನ ಸರದಿಗೆ ಬ್ಲೇಡು
ಕತ್ತರಿಸುವುದಿಲ್ಲ, ಉಳುತ್ತದೆ.
ಗಲ್ಲದಲ್ಲೊಂದು ಕೆಂಪು ಗೀರು, ಒಂದಿಷ್ಟು ನಗೆ,
"ಮದುಮಗ ಆದೆಯಲ್ಲ ಮಾರಾಯ!"
ಉಪ್ಪುನೀರು ಚಿಮುಕಿಸಿದರೆ ಮುಗಿಯಿತು.

ಒಂದೇ ಬೋಟು, ಒಂದೇ ಬಲೆ, ಒಂದೇ ಬ್ಲೇಡು:
ಇಪ್ಪತ್ತು ವರ್ಷ ಇದನ್ನು ಸ್ನೇಹವೆಂದೇ ತಿಳಿದಿದ್ದೆ.
ಅಲ್ಲವೆಂದು ಈಗಲೂ ಅನ್ನಲಾರೆ.

ಬೋಟು ದಡ ಹತ್ತಿದ ಜೂನಿನಲ್ಲಿ
ಯುವಕ ಮಂಡಲದ ಶಿಬಿರಕ್ಕೆ ಹೋಗಿ ರಕ್ತ ಕೊಟ್ಟೆ,
ಬಿಸ್ಕಿಟು ತಿಂದೆ, ಫೋಟೊಕ್ಕೆ ನಿಂತೆ.
ವಾರ ಕಳೆದು ಫೋನು:
"ಧರ್ಣಪ್ಪ ಕುಂದರ್ ಅವರಾ? ಒಮ್ಮೆ ಅಜ್ಜರಕಾಡಿಗೆ ಬರ್ತೀರಾ?"
ಸ್ವರ ಮೆತ್ತಗಿತ್ತು.
ಗಾಳಿ ಏಳುವ ಮುಂಚೆ ಕಡಲೂ ಹೀಗೆಯೇ ಮಾತಾಡುತ್ತದೆ.

ಹೆಪಟೈಟಿಸ್ ಸಿ.
ಸಿಸ್ಟರ್ ಸೆವ್ರಿನ್ ಎರಡು ಸಲ ಹೇಳಿದರು.
ಶಾಲೆಯಲ್ಲಿ ನಾನು ಕಲಿತ ಸಿ ಬೆಕ್ಕಿನ ಚಿತ್ರದ್ದು.
ಎಲ್ಲಿಂದ ಬಂತು, ಅಂದೆ.
ಎಳವೆಯಲ್ಲಿ ಊರಿಗೆಲ್ಲ ಚುಚ್ಚಿದ ಒಂದೇ ಸೂಜಿಯೊ,
ತೋಳಿನ ಮೇಲೆ ಆಂಜನೇಯನನ್ನು ಕೊರೆದ ಹಚ್ಚೆಯವನೊ,
ಆ ಬ್ಲೇಡೊ.
"ಕಳ್ಳನ ಹೆಸರು ಸಿಗಲಿಕ್ಕಿಲ್ಲ ಧರ್ಣಪ್ಪ.
ಬಂದ ಬಾಗಿಲು ಗೊತ್ತು, ರಕ್ತ.
ಅದನ್ನು ಮುಚ್ಚಿ."

ಮನೆಯಲ್ಲಿ ಅಮ್ಮ ಬೇರೆ ಬಾಗಿಲು ಮುಚ್ಚಿದಳು.
ನನ್ನ ಬಟ್ಟಲು ಬೇರೆ, ಚೊಂಬು ಬೇರೆ.
ತಂಗಿಯ ಮಗು ಮಡಿಲಿಗೆ ಹತ್ತಿದರೆ
"ಇಳಿ ಮಗಾ, ಮಾವನಿಗೆ ಹುಷಾರಿಲ್ಲ."
ಗಂಜಿಯ ಆವಿಯಾಚೆ ಎಲ್ಲರ ಮುಖ
ಮಂಜಿನಲ್ಲಿ ದೂರದ ಬೋಟಿನ ದೀಪದ ಹಾಗೆ.
ಆದರೆ ಕ್ಯಾಲೆಂಡರಿನ ಮೊಳೆಯಲ್ಲಿ
ಇಡೀ ಮನೆಗೆ ಇದ್ದೊಂದು ಉಗುರುಕತ್ತರಿ
ಆರಾಮವಾಗಿ ತೂಗುತ್ತಲೇ ಇತ್ತು.

ಎರಡನೆಯ ಸಲ ತಂಗಿ ಸುಗಂಧಿ ಜೊತೆಗೆ ಬಂದಳು.
ಮೀನು ಕೊಯ್ಯುವವಳು; ಅವಳ ಬೆರಳಿನ ಗಾಯಕ್ಕೆ
ಭಾನುವಾರವೂ ರಜೆಯಿಲ್ಲ.
ಏನೇನೋ ಕೇಳಿದಳು, ನಾನು ನಾಚಿ ಕೇಳದ್ದನ್ನೂ ಕೇಳಿದಳು,
ಮನೆಗೆ ಬಂದವಳೇ ನಾನು ಬಿಟ್ಟ ಅರ್ಧ ಗಂಜಿ
ಅಮ್ಮನ ಎದುರೇ ಗಟಗಟ ಕುಡಿದಳು.
"ಈ ಸೀಕಿಗೆ ಎಂಜಲು ಗೊತ್ತಿಲ್ಲಮ್ಮ.
ನೆತ್ತರು ಮಾತ್ರ ಗೊತ್ತು."
ಮತ್ತೆ ಸ್ಟೂಲು ಹತ್ತಿ ಉಗುರುಕತ್ತರಿ ಇಳಿಸಿ
ನನ್ನ ಕೈಗಿಟ್ಟಳು: "ಇದು ನಿನ್ನದು. ನಿನ್ನದು ಮಾತ್ರ."
ತನ್ನ ಬೆರಳಿಗೆ ಪಟ್ಟಿ ಸುತ್ತಿಕೊಂಡಳು.

ಅಮ್ಮ ಆ ರಾತ್ರಿಯೆಲ್ಲ ಮಾತಾಡಲಿಲ್ಲ.
ದೀಪ ಆರಿಸುವಾಗ ಕೇಳಿದಳು, "ಹಾಗಾದರೆ ಬ್ರಶ್ಶು?"
"ಬ್ರಶ್ಶು ಬೇರೆ."
"ಬಟ್ಟಲು?"
"ಬಟ್ಟಲು ಒಟ್ಟಿಗೆ."
ಮರುದಿನ ನನ್ನ ಬಟ್ಟಲು ಉಳಿದವುಗಳ ನಡುವೆ ಕಳೆದುಹೋಯಿತು.
ಜನ್ಮದಲ್ಲಿ ಏನನ್ನೂ ಇಷ್ಟು ಸುಖವಾಗಿ
ಕಳೆದುಕೊಂಡವನಲ್ಲ ನಾನು.

ಆಗಸ್ಟಿನಲ್ಲಿ ಬೋಟು ಇಳಿಯಿತು.
ಮೂರು ತಿಂಗಳ ಮಾತ್ರೆ, ದಿನಕ್ಕೊಂದರಂತೆ,
ನೀರು ತಾಗದಂತೆ ಅಕ್ಕಿಯೊಳಗೆ ಹೂತಿಟ್ಟೆ.
ವಾಸಿಯಾಗುತ್ತದೆ, ಅಂದಿದ್ದಾರೆ ಸೆವ್ರಿನ್;
ವಾಸಿಯಾದವನಿಗೂ ಮತ್ತೆ ಬರಬಹುದು, ಅದನ್ನೂ ಅಂದಿದ್ದಾರೆ.

ಬಲೆಯ ಚೀಲದಿಂದ ಎಂಟು ರೇಜರು ತೆಗೆದೆ,
ಹಿಡಿಗೆ ಬಲೆಯ ಉಳಿಕೆ ನೂಲು, ಒಂದಕ್ಕೊಂದು ಬಣ್ಣ.
ಹೇಳಬೇಕಾದ್ದನ್ನು ಹೇಳಿದೆ.
ಇಂಜಿನು ಬಹಳ ಹೊತ್ತು ಒಂದೇ ಮಾತಾಡಿತು.
ತಾಂಡೇಲ ತನ್ನ ಗಲ್ಲ ಸವರಿಕೊಂಡ.
"ನಾವೂ ಒಮ್ಮೆ ನೋಡಿಸಬೇಕೇನೋ," ಅಂದು
ಹಸಿರು ನೂಲಿನದ್ದು ಎತ್ತಿಕೊಂಡ.

ಕಿತ್ತಳೆ ಬಣ್ಣದ್ದು ಪದ್ಮಲೋಚನನಿಗೆ.
ಹೊಸ ಬ್ಲೇಡು ಅವನ ಮುಖ ಕಂಡದ್ದು ಅಂದೇ ಮೊದಲು.
ಗೀರಿಲ್ಲದ ಗಲ್ಲವನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ,
ಹಿಂದೆ ನಿಂತ ನಾವು ಬೈಯುವವರೆಗೂ.

ಕನ್ನಡಿ ಈಗಲೂ ಒಂದೇ.
ಅದಕ್ಕೇನೂ ತೊಂದರೆಯಿಲ್ಲ.